ಹೆಸರು ಯಾರ ಹೆಸರಿನಲ್ಲಿದೆ?

ಮನೆಪಾಠ ಹೇಳುವ ಮೇಷ್ಟ್ರ ಬೋರ್ಡು ಹಿಂದೆ ಅವರ ಮನೆಯ ಗೇಟಿನ ಮೇಲೆ ಇರುತ್ತಿತ್ತು. ತಗಡಿನ ಹಲಗೆಯ ಮೇಲೆ ಹೆಸರು, ಅದರ ಪಕ್ಕದಲ್ಲಿ ಪದವಿ, ಕೆಳಗೆ ಯಾವ ತರಗತಿ, ಯಾವ ವಿಷಯ, ಎಷ್ಟು ಹೊತ್ತಿಗೆ ಎಂಬ ಮೂರು ಸಾಲು. ಪೇಂಟರಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಬಣ್ಣ ಮಾಸುವವರೆಗೂ ಬೋರ್ಡು ಮೇಷ್ಟ್ರದೇ. ಈಗ ತಾಲ್ಲೂಕು ಕೇಂದ್ರದ ಚಿಕ್ಕ ಟ್ಯೂಷನ್ ಸೆಂಟರಿಗೂ ಇನ್ನೊಂದು ಬೋರ್ಡು ಬೇಕಾಗಿದೆ. ಅದು ಅಂತರಜಾಲದಲ್ಲಿ ತೂಗುವ ಬೋರ್ಡು. ಮಗುವನ್ನು ಸೇರಿಸುವ ಮೊದಲು ತಂದೆತಾಯಿಗಳು ಮೊಬೈಲಿನಲ್ಲಿ ಹುಡುಕುತ್ತಾರೆ. ಶುಲ್ಕ ಎಷ್ಟು, ಪಾಠ ಹೇಳುವವರು ಯಾರು, ವೇಳೆ ಯಾವುದು ಎಂದು ನೋಡುತ್ತಾರೆ.

ಆದರೆ ಈ ಎರಡು ಬೋರ್ಡುಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಜಾಲತಾಣದ ಹೆಸರು ಕೊಂಡುಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಹೊಲವನ್ನು ಉಳುವವರು ಯಾರೇ ಆಗಿರಲಿ, ತಕರಾರು ಬಂದಾಗ ಎಲ್ಲರೂ ಮೊದಲು ತೆರೆದು ನೋಡುವುದು ಪಹಣಿಯನ್ನು. ಹಾಗೆಯೇ ಜಾಲತಾಣವನ್ನು ಕಟ್ಟಿದವರು ಯಾರು, ಹಣ ಕೊಟ್ಟವರು ಯಾರು ಎಂಬುದಕ್ಕಿಂತ, ಹೆಸರಿನ ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದೇ ಕೊನೆಗೆ ನಿಲ್ಲುವ ಪ್ರಶ್ನೆ. ಇದನ್ನು ತಿಳಿಯದೆ ವರ್ಷಗಟ್ಟಲೆ ಕಟ್ಟಿದ ನಂಬಿಕೆಯನ್ನು ಒಂದೇ ವಾರದಲ್ಲಿ ಕಳೆದುಕೊಳ್ಳುವುದು ಸಾಧ್ಯ.

ಸಂಖ್ಯೆಗೆ ಹೆಸರು ಬಂದದ್ದು

ಅಂತರಜಾಲದಲ್ಲಿರುವ ಗಣಕಗಳು ಒಂದನ್ನೊಂದು ಗುರುತಿಸುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಇದಕ್ಕೆ ಐಪಿ ವಿಳಾಸ ಎಂದು ಹೆಸರು. ಹಳೆಯ ಪದ್ಧತಿಯ ವಿಳಾಸ 32 ಬಿಟ್‌ಗಳದ್ದು, ಅಂದರೆ 0 ಅಥವಾ 1ರ 32 ಸ್ಥಾನಗಳು. ಎರಡನ್ನು ಮೂವತ್ತೆರಡು ಸಲ ಗುಣಿಸಿದರೆ 429,49,67,296 ಬರುತ್ತದೆ. ಆ ಪದ್ಧತಿಯಲ್ಲಿ ಸಾಧ್ಯವಿರುವ ವಿಳಾಸಗಳು ಇಷ್ಟೇ. ಇದು ಸಾಲದೆಂದು 128 ಬಿಟ್‌ಗಳ ಹೊಸ ಪದ್ಧತಿಯೂ ಬಂದಿದೆ. ಇಂಥ ಸಂಖ್ಯೆಗಳನ್ನು ಮನುಷ್ಯರು ನೆನಪಿಡಲಾರರು.

ಅಂತರಜಾಲದ ಮೊದಲ ದಿನಗಳಲ್ಲಿ ಗಣಕಗಳ ಹೆಸರು ಮತ್ತು ಸಂಖ್ಯೆಗಳನ್ನು ಟೆಲಿಫೋನ್ ಡೈರೆಕ್ಟರಿಯಂತೆ ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಗಣಕಗಳು ಹೆಚ್ಚಿದಂತೆ ಒಂದೇ ಪಟ್ಟಿಯನ್ನು ತಿದ್ದುತ್ತ ಎಲ್ಲರಿಗೂ ಹಂಚುವುದು ಕಷ್ಟವಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬುವರು ಈ ಪಟ್ಟಿಯನ್ನು ಹಲವು ಕಡೆ ಹಂಚಿಡುವ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ಕೆಲಸ ಮಾಡುತ್ತಿರುವ ಡೊಮೇನ್ ಹೆಸರಿನ ವ್ಯವಸ್ಥೆ, ಅಂದರೆ ಡಿಎನ್‌ಎಸ್, ಅದೇ. ಡಾಟ್ ಕಾಮ್ ಎಂದು ಕೊನೆಗೊಳ್ಳುವ ಮೊದಲ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು. ಅದು ಸಿಂಬಾಲಿಕ್ಸ್ ಎಂಬ ಗಣಕ ಕಂಪನಿಯದು.

ಕೆಲಸ ನಡೆಯುವ ಬಗೆ ಹೀಗೆ. ಮೊಬೈಲಿನಲ್ಲಿ ಒಂದು ಹೆಸರನ್ನು ಒತ್ತಿದೊಡನೆ ವಿಚಾರಣೆ ಹೊರಡುತ್ತದೆ. ಹೆಸರನ್ನು ಬಲದಿಂದ ಎಡಕ್ಕೆ ಓದಲಾಗುತ್ತದೆ. ಮೊದಲು ಮೂಲ ಸರ್ವರ್ ಒಂದನ್ನು ಕೇಳಬೇಕು. ಅವಕ್ಕೆ ಇಂಗ್ಲಿಷಿನ ಎ ಇಂದ ಎಂ ವರೆಗೆ 13 ಹೆಸರುಗಳಿವೆ. ಅದು 'ಡಾಟ್ ಇನ್ ವಿಚಾರ ಅಲ್ಲಿ ಕೇಳು' ಎನ್ನುತ್ತದೆ. ಡಾಟ್ ಇನ್‌ನ ಸರ್ವರ್ 'ಆ ಟ್ಯೂಷನ್ ಸೆಂಟರಿನ ವಿಚಾರ ಇಲ್ಲಿ ಕೇಳು' ಎಂದು ಮುಂದೆ ಕಳಿಸುತ್ತದೆ. ಕೊನೆಯವನು ಸಂಖ್ಯೆ ಕೊಡುತ್ತಾನೆ. ಹೊಸ ಊರಿಗೆ ಬಂದವರು ಬಸ್ ಸ್ಟ್ಯಾಂಡಿನಲ್ಲಿ ಬಡಾವಣೆಯನ್ನೂ ಬಡಾವಣೆಯಲ್ಲಿ ಬೀದಿಯನ್ನೂ ಬೀದಿಯಲ್ಲಿ ಮನೆಯನ್ನೂ ಕೇಳಿಕೊಂಡು ಹೋದಂತೆ. ಇಷ್ಟೂ ಮುಗಿಯಲು ಒಂದು ಸೆಕೆಂಡಿನ ಸಣ್ಣ ಭಾಗ ಸಾಕು. ಒಮ್ಮೆ ಸಿಕ್ಕ ಉತ್ತರವನ್ನು ದಾರಿಯಲ್ಲಿರುವ ಗಣಕಗಳು ಕೆಲಕಾಲ ನೆನಪಿನಲ್ಲಿ ಇಟ್ಟುಕೊಳ್ಳುತ್ತವೆ. ಜಾಲತಾಣವನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸಿದಾಗ ಕೆಲವರಿಗೆ ಹೊಸದು, ಕೆಲವರಿಗೆ ಹಳೆಯದು ಕಾಣುವುದು ಇದೇ ಕಾರಣದಿಂದ.

ಮೂರು ವಸ್ತು, ಮೂರು ಲೆಕ್ಕ

'ವೆಬ್‌ಸೈಟ್ ಮಾಡಿಸಬೇಕು, ಎಷ್ಟಾಗುತ್ತದೆ?' ಎಂದು ಕೇಳುವವರು ಅದನ್ನು ಒಂದೇ ವಸ್ತು ಎಂದು ತಿಳಿದಿರುತ್ತಾರೆ. ನಿಜವಾಗಿ ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಮೊದಲನೆಯದು ಹೆಸರು, ಅಂದರೆ ಡೊಮೇನ್. ಎರಡನೆಯದು ಜಾಗ, ಅಂದರೆ ಪುಟಗಳನ್ನು ಇಟ್ಟಿರುವ, ಹಗಲೂ ರಾತ್ರಿ ಚಾಲೂ ಇರುವ ಗಣಕದ ಮೂಲೆಯೊಂದು. ಇದನ್ನು ಹೋಸ್ಟಿಂಗ್ ಎನ್ನುತ್ತಾರೆ. ಮೂರನೆಯದು ಪುಟಗಳು, ಅಂದರೆ ಬರಹ, ಚಿತ್ರ ಮತ್ತು ವಿನ್ಯಾಸ.

ಪುಟಗಳು ಹಾಳಾದರೆ ಮತ್ತೆ ಬರೆಯಬಹುದು. ಜಾಗ ಕೊಟ್ಟವರ ಸೇವೆ ಸರಿಯಿಲ್ಲದಿದ್ದರೆ ಬೇರೆ ಕಡೆ ಹೋಗಬಹುದು. ಆದರೆ ಹೆಸರು ಕೈತಪ್ಪಿದರೆ ಕಥೆ ಬೇರೆ. ಕರಪತ್ರದಲ್ಲಿ, ರಸೀದಿ ಪುಸ್ತಕದಲ್ಲಿ, ನೋಟ್ಸಿನ ಹಿಂಬದಿಯಲ್ಲಿ ಅಚ್ಚಾಗಿರುವುದು ಅದೇ ಹೆಸರು. ಹಳೆಯ ವಿದ್ಯಾರ್ಥಿಗಳು ತಮ್ಮಂದಿರಿಗೆ, ತಂಗಿಯರಿಗೆ ಹೇಳುವುದೂ ಅದನ್ನೇ.

ಈ ಮೂರನ್ನೂ ಒಬ್ಬರೇ ಒದಗಿಸಬಹುದು, ಅದರಲ್ಲಿ ತಪ್ಪಿಲ್ಲ. ಮೂರರ ಲೆಕ್ಕವನ್ನು ಮಾತ್ರ ಬೇರೆ ಬೇರೆ ಕೇಳಿ ಬರೆಸಿಕೊಳ್ಳಬೇಕು. ಸಾಮಾನ್ಯವಾಗಿ ಡಾಟ್ ಇನ್ ಅಥವಾ ಡಾಟ್ ಕಾಮ್ ಹೆಸರಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿಗಳಿಂದ ಸುಮಾರು ಒಂದೂವರೆ ಸಾವಿರದವರೆಗೆ ಆಗುತ್ತದೆ. ಜಾಹೀರಾತಿನಲ್ಲಿ ಕಾಣುವ ತೀರ ಅಗ್ಗದ ದರ ಬಹುಪಾಲು ಮೊದಲ ವರ್ಷದ್ದು. ಕೇಳಬೇಕಾದದ್ದು ಎರಡನೆಯ ವರ್ಷದ ದರವನ್ನು.

ಯಾವ ಹೆಸರು, ಯಾವ ಬಾಲ

ಹೆಸರಿನ ಒಂದು ಭಾಗದಲ್ಲಿ 63ಕ್ಕಿಂತ ಹೆಚ್ಚು ಅಕ್ಷರಗಳು ಇರುವಂತಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆ ಬಳಸಬಹುದು. ಅಡ್ಡಗೆರೆ ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಬರಬಾರದು. ಇದು ನಿಯಮ. ಇನ್ನು ವಿವೇಕದ ಮಾತೆಂದರೆ, ಹೆಸರನ್ನು ಫೋನಿನಲ್ಲಿ ಒಮ್ಮೆ ಹೇಳಿದರೆ ಎದುರಿನವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಬೇಕು. 'ವಿದ್ಯಾ' ಎಂಬುದನ್ನೇ ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯುತ್ತಾರೆ ಎಂದು ಹತ್ತು ಮಕ್ಕಳನ್ನು ಕೇಳಿ ನೋಡಿದರೆ ಸಾಕು.

ಇನ್ನೊಬ್ಬರ ಹೆಸರನ್ನು ಹೋಲುವ ಹೆಸರನ್ನೂ ಇಡಬಾರದು. 2004ರಲ್ಲಿ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಣ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಡೊಮೇನ್ ಹೆಸರಿಗೂ ವ್ಯಾಪಾರದ ಹೆಸರಿಗಿರುವಂಥ ರಕ್ಷಣೆ ಉಂಟೆಂದು ತೀರ್ಪು ನೀಡಿತು. ಪ್ರಸಿದ್ಧ ಕೋಚಿಂಗ್ ಸಂಸ್ಥೆಯ ಹೆಸರಿಗೆ ಒಂದಕ್ಷರ ಸೇರಿಸಿ ತನ್ನದೆಂದುಕೊಳ್ಳುವವರು ಈ ತೀರ್ಪನ್ನು ನೆನಪಿನಲ್ಲಿಡಬೇಕು.

ಬಾಲದ ವಿಷಯವನ್ನು ತಂದೆತಾಯಿಗಳೂ ತಿಳಿದಿರುವುದು ಒಳ್ಳೆಯದು. 2005ರಿಂದ ಡಾಟ್ ಇನ್ ಎಲ್ಲರಿಗೂ ಮುಕ್ತವಾಗಿದೆ. ನಿಕ್ಸಿ ಎಂಬ ಸಂಸ್ಥೆ ಅದರ ಆಡಳಿತ ನೋಡಿಕೊಳ್ಳುತ್ತದೆ. ಡಾಟ್ ಕಾಮ್ ಕೂಡ ಯಾರು ಬೇಕಾದರೂ ಪಡೆಯಬಹುದಾದದ್ದು. ಆದ್ದರಿಂದ ಅವುಗಳಿಂದ ಸಂಸ್ಥೆಯ ಯೋಗ್ಯತೆ ಏನೂ ತಿಳಿಯುವುದಿಲ್ಲ. ಆದರೆ ಎಸಿ ಡಾಟ್ ಇನ್, ಇಡಿಯು ಡಾಟ್ ಇನ್ ಎಂಬ ಬಾಲಗಳನ್ನು ಎರ್ನೆಟ್ ಸಂಸ್ಥೆಯು ದಾಖಲೆಗಳನ್ನು ನೋಡಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಕೊಡುತ್ತದೆ. ಜಿಒವಿ ಡಾಟ್ ಇನ್ ಸರ್ಕಾರಕ್ಕೆ ಮೀಸಲು. ಪರೀಕ್ಷಾ ಮಂಡಳಿಯ ಅರ್ಜಿ ಎಂದು ಹೇಳಿ ಡಾಟ್ ಕಾಮ್ ವಿಳಾಸದಲ್ಲಿ ಹಣ ಕೇಳಿದರೆ ಅನುಮಾನಿಸಲು ಅಷ್ಟೇ ಕಾರಣ ಸಾಕು.

ಕನ್ನಡದಲ್ಲೇ ಹೆಸರು ಇಡಬಹುದೆ? ಇಡಬಹುದು. 'ಡಾಟ್ ಭಾರತ' ಎಂಬ ಬಾಲ ಕನ್ನಡ ಲಿಪಿಯಲ್ಲೂ ಇದೆ. ಡಿಎನ್‌ಎಸ್ ವ್ಯವಸ್ಥೆಯ ಒಳಗೆ ಕನ್ನಡ ಅಕ್ಷರಗಳು 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಬದಲಾಗುತ್ತವೆ. ಓದುವವರಿಗೆ ಅದರ ತೊಂದರೆ ಇಲ್ಲ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಹೆಸರು ಪಡೆದು ಎರಡನ್ನೂ ಒಂದೇ ತಾಣಕ್ಕೆ ಸೇರಿಸುವುದೂ ಸಾಧ್ಯ.

ಗುತ್ತಿಗೆ ಮುಗಿದಾಗ

ಒಂದು ಊರಿನಲ್ಲಿ ಅರವತ್ತು ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಒಬ್ಬರಿದ್ದಾರೆ ಎಂದು ಊಹಿಸಿ. ಅವರ ಬಳಿಯೇ ಓದಿದ ಹುಡುಗನೊಬ್ಬ ಪ್ರೀತಿಯಿಂದ ಜಾಲತಾಣ ಮಾಡಿಕೊಟ್ಟ. ಅನುಕೂಲಕ್ಕೆಂದು ತನ್ನ ಇ-ಮೇಲ್, ತನ್ನ ಮೊಬೈಲ್ ಸಂಖ್ಯೆ ಕೊಟ್ಟೇ ಹೆಸರನ್ನು ನೋಂದಾಯಿಸಿದ. ದುಡ್ಡು ಮೇಷ್ಟ್ರೇ ಕೊಟ್ಟರು. ಮೂರು ವರ್ಷ ಎಲ್ಲ ಸರಿಯಾಗಿತ್ತು. ನಾಲ್ಕನೆಯ ವರ್ಷ ಒಂದು ಬೆಳಗ್ಗೆ ಪುಟ ತೆರೆಯಲಿಲ್ಲ. ಮೇಷ್ಟ್ರು ಫೋನ್ ಮಾಡಿದರು.

"ಏನಪ್ಪಾ, ನಮ್ಮ ವೆಬ್‌ಸೈಟು ಕಾಣ್ತಾನೇ ಇಲ್ಲವಲ್ಲ?"

"ಸಾರ್, ನಾನೀಗ ಪುಣೆಯಲ್ಲಿದ್ದೀನಿ. ಆ ಹಳೇ ಮೇಲ್ ನೋಡೋದೇ ಬಿಟ್ಟಿದ್ದೆ ಸಾರ್. ಪಾಸ್‌ವರ್ಡೂ ನೆನಪಿಲ್ಲ."

ಇಲ್ಲಿ ಯಾರೂ ಕೆಟ್ಟವರಲ್ಲ, ಆದರೂ ಹೆಸರು ಅಪಾಯದಲ್ಲಿದೆ. ಹೆಸರಿನ ನೋಂದಣಿ ಒಂದು ವರ್ಷದಿಂದ ಹತ್ತು ವರ್ಷಗಳ ಅವಧಿಗೆ ಸಿಗುತ್ತದೆ. ಅಂತರಜಾಲದ ಹೆಸರುಗಳ ಮೇಲ್ವಿಚಾರಣೆಗೆಂದು 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಸಂಸ್ಥೆಯ ನಿಯಮದಂತೆ, ಡಾಟ್ ಕಾಮ್‌ನಂಥ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮೊದಲು ಒಂದು, ಒಂದು ವಾರ ಮೊದಲು ಇನ್ನೊಂದು ಸೂಚನೆ ಕಳಿಸಬೇಕು. ಮುಗಿದ ಐದು ದಿನದೊಳಗೆ ಮತ್ತೊಂದು. ಸೂಚನೆ ಹೋಗುವುದು ನೋಂದಣಿಯಲ್ಲಿರುವ ಇ-ಮೇಲಿಗೆ. ಆ ಪೆಟ್ಟಿಗೆಯನ್ನು ಯಾರೂ ತೆರೆಯದಿದ್ದರೆ ಮೂರೂ ಸೂಚನೆ ವ್ಯರ್ಥ.

ಆಮೇಲೂ ಸ್ವಲ್ಪ ಕಾಲಾವಕಾಶವಿದೆ. ಡಾಟ್ ಕಾಮ್ ಹೆಸರಾದರೆ ಮುಗಿದ ಬಳಿಕ ಗರಿಷ್ಠ 45 ದಿನಗಳ ರಿಯಾಯಿತಿ ಇರಬಹುದು. ಆದರೆ ನೋಂದಣಿ ಮಾಡಿಕೊಟ್ಟ ಕಂಪನಿ ಅದನ್ನು ಕಡಿಮೆ ಮಾಡುವ ಸಾಧ್ಯತೆಯೂ ಇದೆ. ಹೆಸರನ್ನು ತೆಗೆದುಹಾಕಿದ ಮೇಲೆ 30 ದಿನ, ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳುವ ಅವಕಾಶ. ಅದಾದ ಮೇಲೆ 5 ದಿನ ಯಾರೂ ಏನೂ ಮಾಡುವಂತಿಲ್ಲ. ಆರನೆಯ ದಿನ ಅದು ಜಗತ್ತಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಹೆಸರು. ಹೀಗೆ ಬಿಡುಗಡೆಯಾಗುವ ಹೆಸರುಗಳನ್ನು ಕಾದು ಹಿಡಿಯುವುದನ್ನೇ ಉದ್ಯೋಗ ಮಾಡಿಕೊಂಡವರಿದ್ದಾರೆ. ಹಳೆಯ ಹೆಸರನ್ನು ಹಿಡಿದವರು ಅದರಲ್ಲಿ ಜೂಜಿನ ಜಾಹೀರಾತು ಹಾಕಬಹುದು. ಅದೇ ಸೆಂಟರಿನ ಪುಟವನ್ನು ನಕಲು ಮಾಡಿ ಶುಲ್ಕ ವಸೂಲಿಗೂ ಇಳಿಯಬಹುದು. ಮಕ್ಕಳ ನೋಟ್ಸಿನ ಹಿಂದೆ ಅಚ್ಚಾದ ವಿಳಾಸ ಆಗಲೂ ಅದೇ.

ಮರೆವು ಚಿಕ್ಕವರಿಗೆ ಮಾತ್ರ ಬರುವುದಿಲ್ಲ. 1999ರ ಕ್ರಿಸ್‌ಮಸ್ ಸಮಯದಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ 'ಪಾಸ್‌ಪೋರ್ಟ್ ಡಾಟ್ ಕಾಮ್' ಹೆಸರಿನ ನವೀಕರಣ ಶುಲ್ಕ ಕಟ್ಟುವುದನ್ನು ಮರೆಯಿತು. ಪರಿಣಾಮವಾಗಿ ಹಾಟ್‌ಮೇಲ್ ಬಳಸುತ್ತಿದ್ದವರಿಗೆ ತೊಂದರೆಯಾಯಿತು. ಕೊನೆಗೆ ಆ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತನ್ನ ಕೈಯಿಂದ 35 ಡಾಲರ್ ಕಟ್ಟಿ ಅದನ್ನು ಸರಿಪಡಿಸಿದ. ಎಲ್ಲರಿಗೂ ಅಂಥವರು ಸಿಗುವುದಿಲ್ಲ.

ಹೀಗಾಗಿ ಜಾಲತಾಣ ಮಾಡಿಸುವವರು ನಾಲ್ಕು ಕೆಲಸ ಮಾಡಬೇಕು. ಒಂದು, ನೋಂದಣಿಯಲ್ಲಿ ಮಾಲೀಕರೆಂದು ಸೆಂಟರ್ ನಡೆಸುವವರ ಸ್ವಂತ ಹೆಸರು, ಸ್ವಂತ ಮೊಬೈಲ್ ಸಂಖ್ಯೆ ಇರಬೇಕು. ಮಾಡಿಕೊಟ್ಟವರ ವಿವರ ತಾಂತ್ರಿಕ ಸಂಪರ್ಕಕ್ಕೆ ಸಾಕು. ಎರಡು, ಅಲ್ಲಿ ಕೊಡುವ ಇ-ಮೇಲ್ ಅದೇ ಡೊಮೇನಿನದಾಗಿರಬಾರದು. ಹೆಸರು ನಿಂತರೆ ಆ ಇ-ಮೇಲೂ ನಿಲ್ಲುತ್ತದೆ, ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದಂತಾಗುತ್ತದೆ. ಮೂರು, ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೆಸರನ್ನು ಸಾಗಿಸಲು ಒಂದು ಗುಪ್ತ ಸಂಕೇತ ಬೇಕಾಗುತ್ತದೆ. ಅದನ್ನು ಪಡೆಯುವ ಖಾತೆಯ ಪಾಸ್‌ವರ್ಡ್ ಮಾಲೀಕರ ಬಳಿಯೇ ಇರಬೇಕು. ನಾಲ್ಕು, ಅವಧಿ ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚಿನ ಪುಟದಲ್ಲಿ ಕೆಂಪು ಶಾಯಿಯಿಂದ ಬರೆಯಬೇಕು.

ಬೋರ್ಡಿನ ಮೇಲೆ ಏನು ಬರೆಯಬೇಕು?

ಇದಕ್ಕೆ ಸರ್ಕಾರವೇ ಒಂದು ಪಟ್ಟಿ ಕೊಟ್ಟಿದೆ. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗಾಗಿ ಮಾದರಿ ಮಾರ್ಗಸೂಚಿಯನ್ನು ರಾಜ್ಯಗಳಿಗೆ ಕಳಿಸಿತು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳು ಅದರ ವ್ಯಾಪ್ತಿಗೆ ಬರುತ್ತವೆ. ಕೇಂದ್ರಕ್ಕೆ ಜಾಲತಾಣವಿರಬೇಕು, ಅದರಲ್ಲಿ ಬೋಧಕರ ವಿದ್ಯಾರ್ಹತೆ, ಪಠ್ಯಕ್ರಮ, ಅವಧಿ, ಶುಲ್ಕ, ಮಧ್ಯದಲ್ಲಿ ಬಿಟ್ಟರೆ ಹಣ ಹಿಂದಿರುಗಿಸುವ ಕ್ರಮ ಇವೆಲ್ಲ ಇರಬೇಕು ಎಂದು ಅದು ಹೇಳುತ್ತದೆ. ಚಿಕ್ಕ ಸೆಂಟರುಗಳು ಕೂಡ ಇದೇ ಪಟ್ಟಿಯನ್ನು ಅನುಸರಿಸಿದರೆ ನಷ್ಟವೇನಿಲ್ಲ. ಹಣ ವಾಪಸಿನ ಕ್ರಮವನ್ನು ಬರೆದು ತೂಗುಹಾಕಿದ ಮೇಷ್ಟ್ರ ಮೇಲೆ ಪೋಷಕರಿಗೆ ಭರವಸೆ ಹೆಚ್ಚು.

ಫಲಿತಾಂಶದ ಫೋಟೋಗಳ ವಿಷಯದಲ್ಲಿ ಎಚ್ಚರ ಬೇಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ಯಶಸ್ವಿಯಾದ ವಿದ್ಯಾರ್ಥಿಯ ಹೆಸರು, ಫೋಟೋ ಬಳಸಲು ಲಿಖಿತ ಒಪ್ಪಿಗೆ ಬೇಕು. ಅದನ್ನು ಪಡೆಯುವುದು ಸೇರುವಾಗಲ್ಲ, ಯಶಸ್ಸಿನ ನಂತರ.

ಫೋಟೋಗಳ ಭಾರವೂ ಒಂದು ಸಮಸ್ಯೆ. ಮೊಬೈಲಿನಿಂದ ತೆಗೆದ ಚಿತ್ರ 4 ಮೆಗಾಬೈಟ್ ಇದೆ ಎಂದಿಟ್ಟುಕೊಳ್ಳಿ. ಒಂದು ಬೈಟಿಗೆ 8 ಬಿಟ್, ಆದ್ದರಿಂದ ಅದು 32 ಮೆಗಾಬಿಟ್. ಹಳ್ಳಿಯಲ್ಲಿ ಸಿಗ್ನಲ್ ಕಡಿಮೆಯಿದ್ದು ಸೆಕೆಂಡಿಗೆ 2 ಮೆಗಾಬಿಟ್ ಮಾತ್ರ ಬರುತ್ತಿದ್ದರೆ ಒಂದು ಚಿತ್ರಕ್ಕೆ 16 ಸೆಕೆಂಡು, ಐದು ಚಿತ್ರಕ್ಕೆ 80 ಸೆಕೆಂಡು. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಅದೇ ಐದು ಚಿತ್ರಗಳನ್ನು ತಲಾ 200 ಕಿಲೋಬೈಟಿಗೆ ಇಳಿಸಿದರೆ 4 ಸೆಕೆಂಡು ಸಾಕು. ಬರಹವನ್ನು ಚಿತ್ರವಾಗಿ ಹಾಕದೆ ಯೂನಿಕೋಡ್ ಕನ್ನಡದಲ್ಲಿ ಅಕ್ಷರವಾಗಿಯೇ ಹಾಕಬೇಕು. ಆಗ ಪುಟ ಹಗುರವಾಗುತ್ತದೆ, ಹುಡುಕಿದವರಿಗೆ ಸಿಗುತ್ತದೆ.

ಮಕ್ಕಳ ವಿವರ

ಜಾಲತಾಣದಲ್ಲಿ ಪ್ರವೇಶದ ಅರ್ಜಿ ಇಡುವವರು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಪಾಠ ಹೇಳಲು ಈ ವಿವರ ಬೇಕೆ? ಹೆಸರು, ತರಗತಿ, ಪೋಷಕರ ಫೋನ್ ಬೇಕು. ಆಧಾರ್ ಪ್ರತಿ, ಜಾತಿ, ತಂದೆಯ ವರಮಾನ ಏಕೆ? ಇಟ್ಟುಕೊಂಡ ವಿವರವನ್ನು ಕಾಯುವ ಹೊಣೆಯೂ ಇಟ್ಟುಕೊಂಡವರದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ವಿವರ ಪಡೆಯಲು ತಂದೆತಾಯಿಗಳ ಖಚಿತಪಡಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ವಿಷಯದ ಕರ್ತವ್ಯ ಮೀರಿದರೆ ದಂಡ 200 ಕೋಟಿ ರೂಪಾಯಿವರೆಗೂ ಇರಬಹುದು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಏರ್ಪಾಡಾಗಿದೆ.

ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂದಿದ್ದರೆ ಮೊಬೈಲಿನಿಂದ ಸರ್ವರಿನವರೆಗೆ ಹೋಗುವ ವಿವರವನ್ನು ದಾರಿಯಲ್ಲಿ ಯಾರೂ ಓದಲಾರರು ಎಂದರ್ಥ. ಇದಕ್ಕೆ ಬೇಕಾದ ಪ್ರಮಾಣಪತ್ರ ಉಚಿತವಾಗಿಯೂ ಸಿಗುತ್ತದೆ, ಹಾಗಾಗಿ ಅದಿಲ್ಲದ ತಾಣದಲ್ಲಿ ಮಕ್ಕಳ ವಿವರ ತುಂಬಬಾರದು. ಆದರೆ ಎಚ್‌ಟಿಟಿಪಿಎಸ್ ಇದ್ದ ಮಾತ್ರಕ್ಕೆ ಆ ಕಡೆ ಇರುವವರು ಪ್ರಾಮಾಣಿಕರೆಂದು ಅರ್ಥವಲ್ಲ. ಲಕೋಟೆಗೆ ಅಂಟು ಭದ್ರವಾಗಿದೆ ಎಂಬುದು ಬೇರೆ, ಪತ್ರ ಯಾರಿಗೆ ಹೋಗುತ್ತಿದೆ ಎಂಬುದು ಬೇರೆ. ಯುಪಿಐ ಮೂಲಕ ಶುಲ್ಕ ಕಟ್ಟುವಾಗ ತೆರೆಯ ಮೇಲೆ ಬರುವ ಖಾತೆದಾರರ ಹೆಸರನ್ನು ಓದಿ, ಸಂಶಯವಿದ್ದರೆ ಸೆಂಟರಿಗೆ ಫೋನ್ ಮಾಡಿ ಕೇಳಬೇಕು. ಮೋಸವಾದರೆ ತಡಮಾಡದೆ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಒಂದು ಕೆಲಸವಿದೆ. ಡೊಮೇನ್ ಹೆಸರುಗಳ ನೋಂದಣಿ ವಿವರವನ್ನು ಹೂಈಸ್ ಎಂಬ ಸಾರ್ವಜನಿಕ ಹುಡುಕಾಟದಲ್ಲಿ ಯಾರು ಬೇಕಾದರೂ ನೋಡಬಹುದು. ಗೋಪ್ಯತೆಯ ಕಾರಣ ಮಾಲೀಕರ ಹೆಸರು ಮರೆಯಾಗಿರಬಹುದು. ಆದರೆ ನೋಂದಣಿಯಾದ ದಿನ ಮತ್ತು ಅವಧಿ ಮುಗಿಯುವ ದಿನ ಸಾಮಾನ್ಯವಾಗಿ ಕಾಣುತ್ತವೆ. 'ಇಪ್ಪತ್ತು ವರ್ಷಗಳ ಅನುಭವ' ಎಂದು ಹೇಳಿಕೊಳ್ಳುವ ತಾಣದ ಹೆಸರು ಕಳೆದ ತಿಂಗಳು ನೋಂದಣಿಯಾದದ್ದಾಗಿದ್ದರೆ, ಮನೆಯಲ್ಲಿ ಹಿರಿಯರಿಗೆ ತೋರಿಸಿ ಇನ್ನೆರಡು ಪ್ರಶ್ನೆ ಕೇಳಲು ಹೇಳಬಹುದು. ತಮ್ಮ ಮೇಷ್ಟ್ರ ತಾಣದ ಅವಧಿ ಮುಗಿಯಲು ಎಷ್ಟು ದಿನ ಉಳಿದಿದೆ ಎಂದೂ ಲೆಕ್ಕ ಹಾಕಬಹುದು. ಅದು ಮೂವತ್ತಕ್ಕಿಂತ ಕಡಿಮೆಯಿದ್ದರೆ ನಾಳೆ ಪಾಠಕ್ಕೆ ಹೋದಾಗ ಅವರಿಗೆ ನೆನಪಿಸಿ.